ಕೊಲ್ಲಿಯಲ್ಲಿ ದುಡಿಯುವ ನಮ್ಮವರಿಗಾಗಿ ಮಂಗಳೂರಲ್ಲೊಂದು ಕಚೇರಿ ಕೊಡಿ

ದಕ್ಷಿಣ ಕನ್ನಡ ಜಿಲ್ಲೆಯ ಉಸ್ತುವಾರಿ ಸಚಿವರಿಗೆ ನಮಸ್ಕಾರ.

ನಾನು ಸುರತ್ಕಲ್ ಕಡೆಯವಳು. ಅಪ್ಪ ಸೌದಿಯ ಖೋಬರ್‌ನಲ್ಲಿ ದುಡಿದವರು. ಗಂಡ ಈಗ ದಮ್ಮಾಮ್‌ನಲ್ಲಿದ್ದಾರೆ. ನಮ್ಮ ಕಡೆ ಇಂಥ ಮನೆಗಳು ಎಷ್ಟಿವೆ ಅಂತ ನಿಮಗೆ ಹೇಳಬೇಕಾಗಿಲ್ಲ. ಅಲ್ಲಿ ಏನಾದರೂ ಆದರೆ ಹೋಗಿ ಕೇಳಲು ಮಂಗಳೂರಲ್ಲೇ ಒಂದು ಕಚೇರಿ ಬೇಕು.

2019ರ ಸೆಪ್ಟೆಂಬರ್ 14ರಂದು ಅಬ್ಕೈಕ್‌ನ ಎಣ್ಣೆ ಘಟಕದ ಮೇಲೆ ಡ್ರೋನ್, ಕ್ಷಿಪಣಿ ದಾಳಿ ಆಯಿತು. ಸೌದಿಯ ಅರ್ಧದಷ್ಟು ಎಣ್ಣೆ ಉತ್ಪಾದನೆ ನಿಂತಿತು. ಗಂಡ ಆಗ ಅಲ್ಲೇ ಹತ್ತಿರ ಕಾಂಟ್ರಾಕ್ಟ್ ಕೆಲಸದಲ್ಲಿದ್ದರು. ಫೋನ್ ಸಿಗಲಿಲ್ಲ. ಅವತ್ತು ಎರಡನೇ ಶನಿವಾರ, ಕಚೇರಿಗಳಿಗೆ ರಜೆ. ಸೋಮವಾರ ಬಾಗಿಲು ತೆರೆಯುವ ಮೊದಲೇ ಇಲ್ಲಿನ ಒಂದು ಸರ್ಕಾರಿ ಕಚೇರಿ ಮುಂದೆ ನಿಂತೆ. ಅರ್ಜಿಗೆ ಗಂಡನ ಸಹಿ ಬೇಕು ಅಂದರು! ಜೀವ ಇದೆಯೋ ಇಲ್ಲವೋ ಅಂತ ಕೇಳಲು ಬಂದವಳು, ಅವರ ಸಹಿ ಎಲ್ಲಿಂದ ತರಲಿ ಸ್ವಾಮಿ? ಕೊನೆಗೆ, ಬೆಂಗಳೂರಿಗೆ ಹೋಗಿ ಅಂದರು. ಗಂಡ ಕ್ಷೇಮ ಅಂತ ತಿಳಿಸಿದ್ದು ಅವರ ರೂಮಿನ ಮಲಯಾಳಿ ಗೆಳೆಯನ ಹೆಂಡತಿ. ಆ ಸಿಟ್ಟು ಇನ್ನೂ ಇಳಿದಿಲ್ಲ.

ಆ ದಾಳಿಯನ್ನು ಯಾರೂ ಆಕಸ್ಮಿಕ ಅನ್ನಬೇಡಿ. 1945ರ ಫೆಬ್ರವರಿ 14ರಂದು ಸೂಯೆಜ್ ಕಾಲುವೆಯಲ್ಲಿ, ಕ್ವಿನ್ಸಿ ಎಂಬ ಯುದ್ಧನೌಕೆಯ ಮೇಲೆ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಮತ್ತು ಸೌದಿ ದೊರೆ ಅಬ್ದುಲ್ ಅಜೀಜ್ ಭೇಟಿಯಾದರು. ಸೌದಿಯ ಎಣ್ಣೆಗೆ ಅಮೆರಿಕದ ಕಾವಲು ಎಂಬ ನಂಟು ಅಲ್ಲಿಂದ ಗಟ್ಟಿಯಾಯಿತು. ಖೋಬರ್ ಪಕ್ಕದ ದಹ್ರಾನ್‌ನಲ್ಲಿ ಅಮೆರಿಕದ ವಾಯುನೆಲೆ ಬಂತು. 1951ರಲ್ಲಿ ರಕ್ಷಣಾ ಒಪ್ಪಂದ ಆಯಿತು. 1990ರಲ್ಲಿ ಇರಾಕ್ ಕುವೈತ್‌ಗೆ ನುಗ್ಗಿದಾಗ ಅಮೆರಿಕದ ಲಕ್ಷಾಂತರ ಸೈನಿಕರು ಸೌದಿಗೆ ಇಳಿದರು. ಮರುವರ್ಷ ಫೆಬ್ರವರಿ 25ರಂದು ಇರಾಕಿನ ಸ್ಕಡ್ ಕ್ಷಿಪಣಿ ದಹ್ರಾನ್ ಬಳಿಯ ಸೈನಿಕರ ವಸತಿಗೆ ಬಡಿದು 28 ಅಮೆರಿಕನ್ನರು ಸತ್ತರು. ಅಪ್ಪ ಆಗ ಅಲ್ಲೇ ಇದ್ದರು. ಅಮ್ಮನಿಗೂ ಕೇಳಲು ಯಾರೂ ಇರಲಿಲ್ಲ. 1996ರಲ್ಲಿ ಅಮೆರಿಕದ ಸೈನಿಕರು ಉಳಿದಿದ್ದ ಖೋಬರ್ ಟವರ್ಸ್ ಕಟ್ಟಡದ ಎದುರು ಟ್ರಕ್ ಬಾಂಬ್ ಸಿಡಿದು ಅಮೆರಿಕದ 19 ಸೈನಿಕರು ಹೋದರು. ಆ ಎರಡು ದೇಶಗಳ ಸ್ನೇಹಕ್ಕೆ ಯಾರು ಗುರಿ ಇಟ್ಟರೂ ಏಟು ಬೀಳುವುದು ನಮ್ಮವರು ದುಡಿಯುವ ಊರಿನ ಮೇಲೇ ಅಲ್ವಾ?

ವಿದೇಶದ ವಿಷಯ ಕೇಂದ್ರದ್ದು ಅನ್ನಬೇಡಿ. ಹೊರದೇಶಕ್ಕೆ ದುಡಿಯಲು ಹೋಗುವವರಿಗಾಗಿ ಕೇಂದ್ರದ 1983ರ ಎಮಿಗ್ರೇಷನ್ ಕಾಯ್ದೆ ಇದೆ, ಅದು ನಿಮಗೆ ಗೊತ್ತು. ಆದರೂ ಪಕ್ಕದ ಕೇರಳ 1996ರಲ್ಲೇ ಹೊರಗೆ ದುಡಿಯುವ ತನ್ನವರಿಗಾಗಿ ನೋರ್ಕಾ ಎಂಬ ಇಲಾಖೆ ಮಾಡಿಕೊಂಡಿದೆ. ಅವರಿಗೆ ಆಗಿದ್ದು ನಮಗೆ ಯಾಕೆ ಆಗಲ್ಲ?

ಮಂಗಳೂರಲ್ಲಿ ಕಚೇರಿ ಕೊಡಿ. ಯಾರು ಯಾವ ಊರಲ್ಲಿ, ಯಾವ ಕಂಪನಿಯಲ್ಲಿದ್ದಾರೆ ಅಂತ ಅಲ್ಲಿ ಬರೆದಿಡಲಿ. ರಾತ್ರಿಯೂ ಫೋನ್ ಎತ್ತುವವರು ಇರಲಿ. ತುಳು, ಬ್ಯಾರಿ, ಕೊಂಕಣಿ ಬರುವವರು ಇರಲಿ. ರಜೆ ದಿನವೂ ತೆರೆದಿರಲಿ. ಸುಮ್ನೆ ಭರವಸೆ ಬೇಡ. ಕಚೇರಿ ಯಾವತ್ತು ಶುರುವಾಗುತ್ತದೆ ಅಂತ ದಿನಾಂಕ ಹೇಳಿ.

ಇತಿ,
ಸುರತ್ಕಲ್‌ನ ಒಬ್ಬ ಗೃಹಿಣಿ