ಖಾಲಿ ಟ್ಯೂಬನ್ನೂ ಪರೀಕ್ಷೆ ಮಾಡಲಿ

ಮಾನ್ಯ ಸಂಪಾದಕರೇ,

ಕರುಳಿನ ಬ್ಯಾಕ್ಟೀರಿಯಾ ಬಗ್ಗೆ ಕಳೆದ ವಾರ ಬಂದ ಲೇಖನ ಓದಿದೆ. ಕರಾವಳಿಯ ಮೀನೂಟದವರಿಗೂ ಘಟ್ಟದ ಮೇಲಿನ ತಂಬುಳಿ ಊಟದವರಿಗೂ ಹೊಟ್ಟೆಯೊಳಗಿನ ಬ್ಯಾಕ್ಟೀರಿಯಾ ಬೇರೆ ಇರಬಹುದು, ಯಾರಾದರೂ ಸಂಶೋಧನೆ ಮಾಡಬೇಕು ಎಂದು ಲೇಖಕರು ಬರೆದಿದ್ದಾರೆ. ಖಂಡಿತ ಮಾಡಲಿ. ಆದರೆ ಹೇಗೆ ಮಾಡ್ತಾರೆ ಅನ್ನೋದು ಮುಖ್ಯ. ಕುಮಟಾದ ಲ್ಯಾಬ್ ಒಂದರಲ್ಲಿ ಸ್ಯಾಂಪಲ್‌ಗಳ ನಡುವೆಯೇ ದಿನ ಕಳೆಯುವವನು ನಾನು, ಹಾಗಾಗಿ ಈ ಪತ್ರ.

ಯಾವ ಬ್ಯಾಕ್ಟೀರಿಯಾ ಇದೆ ಎಂದು ತಿಳಿಯಲು ಮಲದ ಸ್ಯಾಂಪಲ್‌ನಿಂದ ಬ್ಯಾಕ್ಟೀರಿಯಾದ ಡಿಎನ್‌ಎ ತೆಗೆದು ನೋಡುತ್ತಾರೆ; ಡಿಎನ್‌ಎ ತೆಗೆಯಲು ಬೇಕಾದ ದ್ರಾವಣ, ಸಾಮಾನುಗಳ ಪೊಟ್ಟಣವೇ ಕಿಟ್. ಕಾರವಾರದ ಸ್ಯಾಂಪಲ್‌ಗಳನ್ನೆಲ್ಲ ಒಂದು ಕಂಪನಿಯ ಕಿಟ್‌ನಲ್ಲಿ, ಶಿರಸಿಯವನ್ನೆಲ್ಲ ಇನ್ನೊಂದರಲ್ಲಿ ಪರೀಕ್ಷಿಸಿದರು ಅಂದುಕೊಳ್ಳಿ. ಕೊನೆಗೆ ಸಿಗುವ ವ್ಯತ್ಯಾಸ ಮೀನಿನದೋ, ಕಿಟ್‌ನದೋ? ಹೇಳಲು ಬರುವುದಿಲ್ಲ. ಕೆಲವು ಬ್ಯಾಕ್ಟೀರಿಯಾಗಳ ಗೋಡೆ ಬಹಳ ಗಟ್ಟಿ. ಸಣ್ಣ ಮಣಿಗಳನ್ನು ಹಾಕಿ ಜೋರಾಗಿ ಕುಲುಕಿದರೇ ಅವು ಒಡೆದು ಡಿಎನ್‌ಎ ಸರಿಯಾಗಿ ಹೊರಬರುವುದು. ಕುಲುಕಿದ್ದು ಸಾಲದಿದ್ದರೆ ಅವು ಇದ್ದದ್ದಕ್ಕಿಂತ ಕಡಿಮೆ ಕಾಣುತ್ತವೆ. 2017ರಲ್ಲಿ ಸಂಶೋಧಕರು ಒಂದೇ ಮಲದ ಸ್ಯಾಂಪಲ್‌ಗಳಿಂದ 21 ವಿಧಾನಗಳಲ್ಲಿ ಡಿಎನ್‌ಎ ತೆಗೆದು ಹೋಲಿಸಿದ್ದರು. ಫಲಿತಾಂಶ ಜಾಸ್ತಿ ಏರುಪೇರಾಗಿದ್ದು ಈ ಹಂತದಲ್ಲೇ.

ಸಾಗಾಟದ ಕತೆ ಬೇರೆ. ಮೇ ತಿಂಗಳ ಸೆಕೆಯಲ್ಲಿ, ಬೆಂಗಳೂರಿನ ರಾತ್ರಿ ಬಸ್ಸಿನ ಡಿಕ್ಕಿಯಲ್ಲಿ ಹೋಗುವ ಸ್ಯಾಂಪಲ್ ದಾರಿಯಲ್ಲೇ ಬದಲಾಗುತ್ತದೆ. ಐಸ್ ಇಲ್ಲದಿದ್ದರೆ ಬಂಗಡೆ ಏನಾಗುತ್ತೆ ಅಂತ ನಮ್ಮವರಿಗೆ ಹೇಳಬೇಕಾ?

ಇದಕ್ಕಿಂತ ದೊಡ್ಡ ತೊಂದರೆ, ಕಿಟ್‌ನ ದ್ರಾವಣಗಳಲ್ಲೇ ಬ್ಯಾಕ್ಟೀರಿಯಾದ ಡಿಎನ್‌ಎ ಚೂರುಪಾರು ಇರುತ್ತದೆ. 2014ರಲ್ಲಿ ಗರ್ಭದ ಮಾಸಿನಲ್ಲೂ ಬ್ಯಾಕ್ಟೀರಿಯಾ ಬಳಗವಿದೆ ಎಂಬ ಸಂಶೋಧನೆ ದೊಡ್ಡ ಸುದ್ದಿಯಾಯಿತು. 2019ರಲ್ಲಿ ಕೇಂಬ್ರಿಜ್‌ನ ತಂಡ 537 ಹೆಂಗಸರ ಮಾಸನ್ನು ಎರಡು ಬೇರೆ ಕಿಟ್‌ಗಳಲ್ಲಿ ನೋಡಿತು. ಸಿಕ್ಕಿದ್ದರಲ್ಲಿ ಹೆಚ್ಚಿನದು ಹೆರಿಗೆ ಹೊತ್ತಿಗೆ ಅಂಟಿದ್ದು, ಇಲ್ಲವೇ ಲ್ಯಾಬ್‌ನಲ್ಲಿ ಸೇರಿದ್ದು! ಮೊದಲಿನಷ್ಟು ದೊಡ್ಡ ಸುದ್ದಿ ಇದು ಆಗಲಿಲ್ಲ ಬಿಡಿ.

ಇದನ್ನು ಹಿಡಿಯುವ ಉಪಾಯ ಸರಳ. ಸ್ಯಾಂಪಲ್ಲೇ ಹಾಕದ ಖಾಲಿ ಟ್ಯೂಬನ್ನೂ ಜೊತೆಗಿಟ್ಟು, ಎಲ್ಲ ಹಂತ ದಾಟಿಸಬೇಕು. ಅದರಲ್ಲಿ ಕಂಡ ಬ್ಯಾಕ್ಟೀರಿಯಾ ಯಾರ ಹೊಟ್ಟೆಯದೂ ಅಲ್ಲ. ಪ್ರತಿ ಸುತ್ತಿನಲ್ಲೂ ಕರಾವಳಿ, ಘಟ್ಟ ಎರಡೂ ಕಡೆಯ ಸ್ಯಾಂಪಲ್ ಬೆರೆತಿರಬೇಕು. ಕೊಟ್ಟವರು ಇತ್ತೀಚೆಗೆ ಆ್ಯಂಟಿಬಯಾಟಿಕ್ ತಿಂದಿದ್ದಾರಾ ಅಂತ ಬರೆದುಕೊಳ್ಳಬೇಕು. ಖರ್ಚು ಸ್ವಲ್ಪ ಜಾಸ್ತಿ ಆಗುತ್ತೆ, ಆಗಲಿ.

ನಿಮ್ಮಲ್ಲೂ ಒಂದು ವಿನಂತಿ. ಇಂಥ ಸಂಶೋಧನೆಯ ಸುದ್ದಿ ಹಾಕುವಾಗ ಎರಡು ಸಾಲು ಸೇರಿಸಿ: ಖಾಲಿ ಟ್ಯೂಬ್ ಇಟ್ಟಿದ್ದರಾ, ಬೇರೆ ಲ್ಯಾಬ್‌ನಲ್ಲೂ ಇದೇ ಫಲಿತಾಂಶ ಬಂತಾ?

ಇಂತಿ,
ಒಬ್ಬ ಲ್ಯಾಬ್ ಟೆಕ್ನಿಷಿಯನ್, ಕುಮಟಾ