ಮಾತ್ರೆಗಾಗಿ ಸಂಬಳ ಬಿಡಬೇಕೇ?

ಮಾನ್ಯರೇ,

ಬಿಪಿ, ಶುಗರ್ ಇರುವ ಕಾರ್ಮಿಕರು ನಡುವೆಯೇ ಮಾತ್ರೆ ಬಿಡುವುದಕ್ಕೆ ಕೆಲಸದ ಹೊತ್ತೂ ದೊಡ್ಡ ಕಾರಣ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮಾತ್ರೆ ಉಚಿತ, ನಿಜ. ಆದರೆ ಅದು ಸಿಗುವುದು ಹಗಲು ಹೊತ್ತಿನಲ್ಲಿ. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ದುಡಿಯುವ ಹೆಣ್ಣುಮಗಳು ಅದಕ್ಕಾಗಿ ರಜೆ ಹಾಕಿದರೆ ಆ ದಿನದ ಸಂಬಳಕ್ಕೇ ಕುತ್ತು. ಕಟ್ಟಡ ಕೆಲಸದವರಿಗಂತೂ ಇಎಸ್‌ಐ (ನೌಕರರ ಆರೋಗ್ಯ ವಿಮೆ) ಸೌಲಭ್ಯವೂ ಅಪರೂಪ.

ಇನ್ನೊಂದು ಮಾತು. ಕೆಲವು ಬಿಪಿ ಮಾತ್ರೆಗಳಿಂದ ಮೂತ್ರ ಜಾಸ್ತಿಯಾಗುತ್ತದೆ. ಶೌಚಾಲಯಕ್ಕೆ ಹೋಗಲೂ ಸೂಪರ್‌ವೈಸರ್ ಅನುಮತಿ ಕೇಳಬೇಕಾದವರು ಆ ಮಾತ್ರೆಯನ್ನು ಸುಮ್ನೆ ಬಿಟ್ಟುಬಿಟ್ಟರೆ ತಪ್ಪು ಅವರದ್ದಲ್ಲ, ಅಲ್ವಾ?

ಕಾಯಿಲೆ ಹತೋಟಿಯಲ್ಲಿರುವವರಿಗೆ ಮೂರು ತಿಂಗಳ ಮಾತ್ರೆ ಒಟ್ಟಿಗೆ ಕೊಡಲಿ. ಕೈಗಾರಿಕಾ ಪ್ರದೇಶದ ಆರೋಗ್ಯ ಕೇಂದ್ರಗಳನ್ನು ವಾರಕ್ಕೆ 2 ದಿನವಾದರೂ ರಾತ್ರಿ 8ರವರೆಗೆ ಇಲಾಖೆ ತೆರೆದಿಡಲಿ.

— ಒಬ್ಬ ಓದುಗ, ಬೆಂಗಳೂರು