ಮನೆ ನಡೆಸಿದವಳಿಗೂ ಪಿಎಫ್ ದುಡ್ಡಿನಲ್ಲಿ ಪಾಲು ಬೇಡವೇ? ನಮ್ಮ ಸಂಸದರಿಗೊಂದು ಪತ್ರ

ಮಾನ್ಯ ಸಂಸದರಿಗೆ ನಮಸ್ಕಾರಗಳು,

ಮದುವೆ ಮುರಿದುಬಿದ್ದಾಗ ಪಿಎಫ್ ದುಡ್ಡು ಯಾರದು? ಈ ಪ್ರಶ್ನೆಯನ್ನು ನೀವು ಲೋಕಸಭೆಯಲ್ಲಿ ಎತ್ತಬೇಕು. ಅದನ್ನು ಕೇಳಿಕೊಳ್ಳಲೆಂದೇ ಈ ಪತ್ರ.

ನಮ್ಮ ಬೀದಿಯಲ್ಲಿ ಒಬ್ಬರು ಅಕ್ಕ ಇದ್ದಾರೆ. ಮದುವೆಗೆ ಮುಂಚೆ ಕೆಲಸದಲ್ಲಿದ್ದರು, ಮಗು ಆದ ಮೇಲೆ ಬಿಟ್ಟರು. ಆಗ ಕೈಗೆ ಬಂದ ಅವರ ಪಿಎಫ್ ಪೂರ್ತಿ ಮನೆಯ ಅಡ್ವಾನ್ಸಿಗೆ ಹೋಯಿತು. ಆಮೇಲೆ ಮಕ್ಕಳ ಸ್ಕೂಲು, ಅಡುಗೆ, ಹಾಸಿಗೆ ಹಿಡಿದ ಅತ್ತೆಯ ಆರೈಕೆ ಎಲ್ಲಾ ಅವರದ್ದೇ. ಗಂಡ ಅದರ ಚಿಂತೆಯಿಲ್ಲದೆ ಡ್ಯೂಟಿಗೆ ಹೋಗಿಬಂದರು. ಈಗ ಐವತ್ತು ದಾಟಿದ ಮೇಲೆ ಇಬ್ಬರೂ ಬೇರೆಯಾಗುತ್ತಿದ್ದಾರೆ. ಒಡವೆ, ಸೈಟು, ಕಾರು ಎಲ್ಲದರ ಬಗ್ಗೆಯೂ ಮಾತಾಯಿತು. ಪಿಎಫ್ ವಿಷಯ ಬಂದಾಗ ಮಾತ್ರ ಗಂಡ "ಅದು ನನ್ನ ಸಂಬಳದ್ದು" ಅಂದರು. ಅಲ್ಲಿಗೆ ಮಾತು ಮುಗಿಯಿತು.

ಅದೇನು ಸಣ್ಣ ಮೊತ್ತವೇ? ಬೇಸಿಕ್ ಮತ್ತು ಡಿಎ (ತುಟ್ಟಿಭತ್ಯೆ) ಸೇರಿ 40,000 ರೂಪಾಯಿ, ಪೂರ್ತಿ ಸಂಬಳದ ಮೇಲೆ ಪಿಎಫ್ ಕಟ್ಟುವ ಕಂಪನಿ ಅಂತಿಟ್ಟುಕೊಳ್ಳಿ. ನೌಕರನ ಶೇ 12 ಅಂದರೆ 4,800. ಕಂಪನಿಯೂ ಅಷ್ಟೇ ಹಾಕುತ್ತದೆ. ಅದರಲ್ಲಿ 1,250 ಪೆನ್ಷನ್ ಸ್ಕೀಮಿಗೆ (ಇಪಿಎಸ್) ಹೋಗಿ ಉಳಿದದ್ದು ಖಾತೆಗೆ ಸೇರುತ್ತದೆ. ತಿಂಗಳಿಗೆ ಒಟ್ಟು 8,350. ಸಂಬಳ ಏರದೇ ಇದ್ದರೂ, 2024-25ರಲ್ಲಿದ್ದ ಶೇ 8.25ರ ಬಡ್ಡಿಯೇ ಸಿಕ್ಕರೆ 20 ವರ್ಷಕ್ಕೆ 45 ಲಕ್ಷ ದಾಟುತ್ತದೆ. ಎಷ್ಟೋ ಮನೆಗಳಲ್ಲಿ ಸ್ವಂತ ಮನೆ ಬಿಟ್ಟರೆ ಇದೇ ದೊಡ್ಡ ಉಳಿತಾಯ.

ಇದನ್ನು ಹಂಚಲು ನಮ್ಮ ಕಾನೂನಿನಲ್ಲಿ ನೇರ ದಾರಿಯೇ ಇಲ್ಲ. ಹಿಂದೂ ವಿವಾಹ ಕಾಯ್ದೆಯ 25ನೇ ಸೆಕ್ಷನ್ ಜೀವನಾಂಶ ಕೊಡಿಸುತ್ತದೆ. 27ನೇ ಸೆಕ್ಷನ್ ಇರುವುದು ಮದುವೆಯ ಹೊತ್ತಿನಲ್ಲಿ ಇಬ್ಬರಿಗೂ ಸೇರಿ ಬಂದ ವಸ್ತುಗಳಿಗೆ. ಆಮೇಲೆ ಕೂಡಿಟ್ಟದ್ದರಲ್ಲಿ ಇಷ್ಟು ಪಾಲು ಅನ್ನುವ ನಿಯಮ ಆ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಜೀವನಾಂಶ ನಿಗದಿ ಮಾಡುವಾಗ ಜಡ್ಜ್ ಪಿಎಫ್ ಎಷ್ಟಿದೆ ಅಂತ ನೋಡಬಹುದು. ಆದರೆ ಅದು ಖಾತೆಯಲ್ಲಿರುವವರೆಗೆ ಮುಟ್ಟುವಂತಿಲ್ಲ. ಯಾವ ಕೋರ್ಟಿನ ಡಿಕ್ರಿಯಿಂದಲೂ ಈ ದುಡ್ಡನ್ನು ಜಪ್ತಿ ಮಾಡಬಾರದು ಅಂತ 1952ರ ಪಿಎಫ್ ಕಾಯ್ದೆಯ 10ನೇ ಸೆಕ್ಷನ್‌ನಲ್ಲೇ ಬರೆದಿಟ್ಟರು. ಜೀವನಾಂಶ ಬಾಕಿ ಇದ್ದರೆ ಸಂಬಳದ ಒಂದು ಭಾಗವನ್ನು ಜಪ್ತಿ ಮಾಡಿಸಬಹುದು ನಿಜ. ಗಂಡ ರಿಟೈರ್ ಆದ ದಿನ ಅದೂ ನಿಂತುಹೋಗುತ್ತದೆ. ವಿಚ್ಛೇದನ ಆದವಳಿಗೆ ಇಪಿಎಸ್ ವಿಧವಾ ಪಿಂಚಣಿಯೂ ಸಿಗುವುದಿಲ್ಲ. ವಯಸ್ಸಾದ ಕಾಲಕ್ಕೆ ಅವಳು ಏನು ಮಾಡಬೇಕು, ಹೇಳಿ.

ಹಾಗಂತ ಪಿಎಫ್‌ಗಿರುವ ರಕ್ಷಣೆಯನ್ನು ತೆಗೆದುಹಾಕಿ ಅಂತ ನಾನು ಕೇಳುತ್ತಿಲ್ಲ. 2016ರ ಏಪ್ರಿಲ್ ನಿಮಗೂ ನೆನಪಿರಬಹುದು. ಪಿಎಫ್ ತೆಗೆಯುವ ನಿಯಮ ಬಿಗಿ ಮಾಡಿದ್ದಕ್ಕೆ ಬೆಂಗಳೂರಿನ ಸಾವಿರಾರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ರಸ್ತೆಗಿಳಿದರು. ಕೊನೆಗೆ ಕೇಂದ್ರ ಸರ್ಕಾರವೇ ಆದೇಶ ಹಿಂದಕ್ಕೆ ತೆಗೆದುಕೊಂಡಿತು. ಆ ಹೆಣ್ಣುಮಕ್ಕಳ ದುಡ್ಡು ಸಾಲ ಕೊಟ್ಟವರ ಕೈಗೆ ಸಿಗಬಾರದು. ಹೆಂಡತಿಯ ಸಂಬಳ ಕಿತ್ತುಕೊಂಡು ಕುಡಿಯುವ ಗಂಡನಿಗೂ ಸಿಗಬಾರದು. ಅದಕ್ಕೇ ಎಲ್ಲರಿಗೂ ಅರ್ಧರ್ಧ ಅಂತ ಕಣ್ಣುಮುಚ್ಚಿ ಬರೆಯುವ ಕಾನೂನು ನನಗೆ ಬೇಡ.

ಬೇರೆ ಕಡೆ ಇದಕ್ಕೆ ದಾರಿ ಮಾಡಿಕೊಂಡು ಎಷ್ಟೋ ಕಾಲವಾಯಿತು. ವಿಚ್ಛೇದನದಲ್ಲಿ ಪಿಂಚಣಿ ಹಕ್ಕನ್ನು ಹಂಚುವ ಪದ್ಧತಿ ಜರ್ಮನಿಯಲ್ಲಿ 1977ರಿಂದಲೇ ಇದೆ. ಅಮೆರಿಕದಲ್ಲಿ 1984ರ ಕಾನೂನಿನ ಪ್ರಕಾರ ಕೋರ್ಟಿನ ಆದೇಶ ತೋರಿಸಿದರೆ ಕಂಪನಿಯ ಪಿಂಚಣಿ ನಿಧಿಯೇ ಮಾಜಿ ಪತಿ ಅಥವಾ ಪತ್ನಿಗೆ ನೇರವಾಗಿ ಪಾಲು ಕೊಡುತ್ತದೆ. ಅಲ್ಲಿ ಕೆಲಸ ಮಾಡುವ ನಮ್ಮ ಕನ್ನಡಿಗರಿಗೂ ಇದೇ ಕಾನೂನು. ಅಷ್ಟು ದೂರ ಯಾಕೆ, ಪಕ್ಕದ ಗೋವಾದಲ್ಲಿ ಪೋರ್ಚುಗೀಸರ ಕಾಲದ ಸಿವಿಲ್ ಕೋಡ್ ಇವತ್ತಿಗೂ ಗಂಡ ಹೆಂಡತಿಯ ಆಸ್ತಿಯನ್ನು ಸಾಮಾನ್ಯವಾಗಿ ಇಬ್ಬರದ್ದೂ ಅಂತಲೇ ನೋಡುತ್ತದೆ. 2023ರಲ್ಲಿ ಮದ್ರಾಸ್ ಹೈಕೋರ್ಟ್ ಕೂಡ, ಗಂಡ ಸೌದಿಯಲ್ಲಿ ದುಡಿದು ಕೊಂಡ ಆಸ್ತಿಯಲ್ಲಿ ಮನೆ ನೋಡಿಕೊಂಡ ಹೆಂಡತಿಗೂ ಪಾಲಿದೆ ಎಂದಿತು.

ಸಂಸತ್ತಿಗೂ ಇದು ಹೊಸದಲ್ಲ. ವಿಚ್ಛೇದನದ ಹೊತ್ತಿಗೆ ಗಂಡನ ಆಸ್ತಿಯಲ್ಲಿ ಹೆಂಡತಿಗೆ ಪಾಲು ಕೊಡಿಸುವ ಮಸೂದೆಗೆ ರಾಜ್ಯಸಭೆ 2013ರಲ್ಲಿ ಒಪ್ಪಿಗೆ ಕೊಟ್ಟಿತ್ತು. ಲೋಕಸಭೆಯಲ್ಲಿ ಪಾಸಾಗದೆ ಅದು ಬಿದ್ದುಹೋಯಿತು. ಅದು ಇನ್ನೂ ಕಾನೂನಾಗಲಿಲ್ಲ ಅನ್ನುವುದೇ ನನ್ನ ಸಂಕಟ.

ಪಿಎಫ್ ಜಪ್ತಿ ಮಾಡಬಾರದು ಅನ್ನುವ ನಿಯಮಕ್ಕೆ ನಾನು ಕೇಳುವುದು ಒಂದೇ ವಿನಾಯಿತಿ. ಫ್ಯಾಮಿಲಿ ಕೋರ್ಟ್ ಹೇಳಿದರೆ, ಮದುವೆಯ ವರ್ಷಗಳಲ್ಲಿ ಜಮೆಯಾದ ಪಿಎಫ್‌ನಲ್ಲಿ ಒಂದು ಭಾಗವನ್ನು ಪಿಎಫ್ ಕಚೇರಿಯೇ ನೇರವಾಗಿ ಇನ್ನೊಬ್ಬರ ಖಾತೆಗೆ ಹಾಕಬೇಕು. ಮದುವೆಗೆ ಮುಂಚಿನದ್ದು ಅವರವರಿಗೇ ಇರಲಿ. ಯಾರು ಸಂಸಾರಕ್ಕೆ ಏನು ಮಾಡಿದರು, ಯಾರು ಹಿಂಸೆ ಕೊಟ್ಟರು ಅನ್ನುವುದನ್ನು ನೋಡಿ ಪಾಲು ಎಷ್ಟು ಅಂತ ಜಡ್ಜ್ ತೀರ್ಮಾನಿಸಲಿ. ಪಾಲೇ ಬೇಡ ಅನ್ನುವ ಅಧಿಕಾರವೂ ಅವರಿಗಿರಲಿ. ಪರಸ್ಪರ ಒಪ್ಪಿಗೆಯ ವಿಚ್ಛೇದನದಲ್ಲೂ ಇಬ್ಬರ ಪಿಎಫ್ ಪಾಸ್‌ಬುಕ್ ಕೋರ್ಟಿನ ಮುಂದೆ ಬರಲೇಬೇಕು ಅಂತ ನಿಯಮವಾಗಲಿ.

ಮುಂದಿನ ಅಧಿವೇಶನದಲ್ಲಿ ಕಾರ್ಮಿಕ ಸಚಿವರನ್ನೂ ಕಾನೂನು ಸಚಿವರನ್ನೂ ಈ ಬಗ್ಗೆ ಕೇಳಿ. ಅವರ ಉತ್ತರ ಸಮಾಧಾನ ತರದಿದ್ದರೆ ನೀವೇ ಒಂದು ಖಾಸಗಿ ಮಸೂದೆ ತನ್ನಿ. ಕ್ಷೇತ್ರದ ಕಚೇರಿಯಲ್ಲಿ ನಿಮ್ಮನ್ನು ಭೇಟಿಯಾಗಿ ಮಾತಾಡಲು ಅವಕಾಶ ಕೊಟ್ಟರೆ ನಾವು ಕೆಲವು ಹೆಂಗಸರು ಕಾಗದಪತ್ರ ಹಿಡಿದು ಬರುತ್ತೇವೆ.

ಇಂತಿ,
ನಿಮ್ಮ ಕ್ಷೇತ್ರದ ಮತದಾರಳು
ಬೆಂಗಳೂರು